ಕರಡಿ ಕಾಡಿಗೆ ಎಂಥ ರಿವಾಲ್ವರ್?

ಅಮೆರಿಕದ ಮೊಂಟಾನಾ, ವಯೋಮಿಂಗ್ ಕಡೆ ಸೆಪ್ಟೆಂಬರ್ ಬಂತೆಂದರೆ ಎಲ್ಕ್ ಬೇಟೆಯ ಕಾಲ. ಮೊದಲು ಬಿಲ್ಲುಬಾಣದವರ ಸರದಿ, ಆಮೇಲೆ ರೈಫಲ್‌ನವರದು. ಎಲ್ಕ್ ನಮ್ಮ ಕಡವೆಗಿಂತ ದೊಡ್ಡ ಜಿಂಕೆ; ಬಲಿತ ಗಂಡು ಮುನ್ನೂರು ಕಿಲೊ ತೂಗುತ್ತದೆ. ಅದನ್ನು ಉರುಳಿಸಿದವನು ಇಡಿಯಾಗಿ ಹೊತ್ತು ತರಲಾರ. ಬಿದ್ದಲ್ಲೇ ಚರ್ಮ ಸುಲಿದು, ತೊಡೆ, ಮುಂಗಾಲು, ಬೆನ್ನಿನ ಮಾಂಸ ಬಿಡಿಸಿ, ನಾಲ್ಕಾರು ಸಲ ನಡೆದು ಗಾಡಿಗೆ ಸಾಗಿಸಬೇಕು. ಅಷ್ಟು ಹೊತ್ತೂ ಅವನ ರೈಫಲ್ ಯಾವುದೋ ಮರಕ್ಕೆ ಒರಗಿರುತ್ತದೆ. ಬಿಲ್ಲು ಹಿಡಿದು ಬಂದವನ ಬಳಿ ಅದೂ ಇರುವುದಿಲ್ಲ. ಮೊಣಕೈವರೆಗೆ ರಕ್ತ, ಕಣ್ಣು ಚಾಕುವಿನ ಅಲಗಿನ ಮೇಲೆ. ಹಸಿ ಮಾಂಸದ ವಾಸನೆ ಗಾಳಿ ಹಿಡಿದು ಗ್ರಿಜ್ಲಿ ಕರಡಿಯ ಮೂಗಿಗೆ ಮುಟ್ಟುವುದು ಆಗಲೇ.

ಅಲ್ಲಿನ ಬೇಟೆಗಾರರು ‘ಬ್ಯಾಕಪ್’ ಎಂದು ಮೈಮೇಲೆ ರಿವಾಲ್ವರ್ ಕಟ್ಟಿಕೊಳ್ಳುವ ರೂಢಿ ಹುಟ್ಟಿದ್ದು ಈ ಸಂದರ್ಭಕ್ಕಾಗಿ. ಗಾಯಗೊಂಡು ನರಳುವ ಪ್ರಾಣಿಯನ್ನು ಬೇಗ ಮುಗಿಸುವುದಕ್ಕೂ ಅದು ಒದಗುತ್ತದೆ. ಈಗ ಬೇಟೆಗೆ ಸಂಬಂಧವೇ ಇಲ್ಲದ ಚಾರಣಿಗರೂ ಇದೇ ಪ್ರಶ್ನೆ ಕೇಳುತ್ತಾರೆ. ಸಿಯಾಟಲ್ಲಿನಲ್ಲೋ ಡೆನ್ವರಿನಲ್ಲೋ ಕೆಲಸ ಮಾಡುವ ನಮ್ಮ ಹುಡುಗರು ರಜೆಯಲ್ಲಿ ಗ್ಲೇಸಿಯರ್, ಯೆಲ್ಲೋಸ್ಟೋನ್, ಅಲಾಸ್ಕಾ ಎಂದು ಹೊರಟಾಗ, ಮುಂದೆ ಹೋಗುತ್ತಿರುವವನ ಎದೆಯ ಮೇಲೆ ಚರ್ಮದ ಚೀಲದಲ್ಲಿ ದಪ್ಪನೆಯ ರಿವಾಲ್ವರ್ ಕಾಣುತ್ತದೆ. ‘ನಮಗೂ ಬೇಕೇ? ಬೇಕಾದರೆ ಯಾವುದು?’ ಎಂಬ ಪ್ರಶ್ನೆ ಸಹಜ.

ಅಂಗಡಿಯವನು ಉತ್ತರವನ್ನು ಬಲದಿಂದ ಶುರುಮಾಡುತ್ತಾನೆ: ಇದು ಇಷ್ಟು ದೊಡ್ಡ ಗುಂಡು, ಅದು ಅದಕ್ಕಿಂತ ದೊಡ್ಡದು. ಕಾಡಿನಲ್ಲಿ ಲೆಕ್ಕ ಶುರುವಾಗಬೇಕಾದದ್ದು ಸಮಯದಿಂದ.

ಎರಡು ಸೆಕೆಂಡಿನ ಲೆಕ್ಕ

ಗ್ರಿಜ್ಲಿ ಗಂಟೆಗೆ ಸುಮಾರು 55 ಕಿಲೋಮೀಟರ್ ವೇಗದಲ್ಲಿ ಓಡಬಲ್ಲದು. ಎಂದರೆ ಸೆಕೆಂಡಿಗೆ 15 ಮೀಟರ್. ಹೊಳೆಯಂಚಿನ ಪೊದೆಗಳ ನಡುವೆ 30 ಮೀಟರ್ ದೂರದಿಂದ ಅದು ನುಗ್ಗಿದರೆ ಮನುಷ್ಯನ ಕೈಯಲ್ಲಿ ಉಳಿಯುವುದು ಎರಡು ಸೆಕೆಂಡು. ಆ ಎರಡರಲ್ಲಿ ಮೊದಲ ಅರ್ಧ ಸೆಕೆಂಡು ‘ಏನದು?’ ಎಂದು ಅರ್ಥವಾಗುವುದಕ್ಕೇ ಹೋಗುತ್ತದೆ. ಹೋಲ್‌ಸ್ಟರಿನ ಪಟ್ಟಿ ಬಿಚ್ಚಿ, ಆಯುಧ ಎಳೆದು, ಗುರಿಗೆ ತರಲು ಅಭ್ಯಾಸವಿದ್ದವರಿಗೂ ಒಂದೂವರೆ ಸೆಕೆಂಡು ಹಿಡಿಯುತ್ತದೆ. ಅಲ್ಲಿಗೆ ಎರಡೂ ಸೆಕೆಂಡು ಮುಗಿದವು; ಅದೃಷ್ಟವಿದ್ದರೆ ಸಿಗುವುದು ಒಂದು ಈಡು.

ಕರಡಿಯ ಎಷ್ಟೋ ದಾಳಿಗಳು ಬರಿಯ ಬೆದರಿಕೆ. ನುಗ್ಗಿ ಬಂದು ನಾಲ್ಕು ಹೆಜ್ಜೆ ದೂರದಲ್ಲಿ ನಿಂತು, ಉಸಿರು ಬುಸುಗುಟ್ಟಿಸಿ ಹಿಂತಿರುಗುತ್ತದೆ. ಯಾವುದು ಬೆದರಿಕೆ, ಯಾವುದು ನಿಜ ಎಂದು ತೀರ್ಮಾನಿಸುವುದೂ ಅದೇ ಎರಡು ಸೆಕೆಂಡಿನೊಳಗೆ.

ಈ ಲೆಕ್ಕದಿಂದ ಮೂರು ಷರತ್ತು ತಾವಾಗಿಯೇ ಹೊರಡುತ್ತವೆ. ಆಯುಧ ಸದಾ ಮೈಮೇಲೆ ಇರಬೇಕು. ಒಂದೇ ಕೈಯಲ್ಲಿ, ಕಣ್ಣು ಹಾಯಿಸದೆ ಅದನ್ನು ಎಳೆಯಲು ಬರಬೇಕು. ಮೊದಲ ಗುಂಡು ಹೋಗಬೇಕಾದಲ್ಲಿಗೆ ಹೋಗಬೇಕು. ಈ ಮೂರರಲ್ಲಿ ಪಾಸಾಗದ ರಿವಾಲ್ವರ್ ಎಷ್ಟೇ ಬಲಶಾಲಿಯಾದರೂ ಹೆಚ್ಚುವರಿ ಭಾರ ಮಾತ್ರ.

ರಿವಾಲ್ವರೇ ಏಕೆ?

ಸ್ಯಾಮ್ಯುಯೆಲ್ ಕೋಲ್ಟ್ 1836ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಪಡೆದ ಸುತ್ತುವ ಸಿಲಿಂಡರಿನ ಉಪಾಯ ಇಂದಿಗೂ ಮೂಲದಲ್ಲಿ ಹಾಗೆಯೇ ಇದೆ. ಐದೋ ಆರೋ ತೋಟಾ ತುಂಬಿದ ಉರುಳೆ. ಟ್ರಿಗರ್ ಎಳೆದಾಗ ಉರುಳೆ ಒಂದು ಮನೆ ತಿರುಗುತ್ತದೆ, ಹ್ಯಾಮರ್ ಹಿಂದಕ್ಕೆ ಹೋಗಿ ತೋಟಾದ ಬೆನ್ನಿಗೆ ಬಡಿಯುತ್ತದೆ. ಇದು ಡಬಲ್ ಆಕ್ಷನ್. ಟ್ರಿಗರ್ ಬಿಗಿ, ಸುಮಾರು ನಾಲ್ಕೈದು ಕಿಲೊ ಬಲ ಬೇಡುತ್ತದೆ. ಆ ಬಿಗಿಯೇ ಆಕಸ್ಮಿಕವಾಗಿ ಸಿಡಿಯುವುದಕ್ಕೆ ಒಂದು ತಡೆ. ಹಳೆಯ ಕೌಬಾಯ್ ಸಿನಿಮಾಗಳಲ್ಲಿ ಕಾಣುವುದು ಸಿಂಗಲ್ ಆಕ್ಷನ್. ಅದರಲ್ಲಿ ಪ್ರತಿ ಸಲವೂ ಹೆಬ್ಬೆರಳಿನಿಂದ ಹ್ಯಾಮರ್ ಎಳೆದೇ ಹೊಡೆಯಬೇಕು. ನಿಧಾನವಾಗಿ ಗುರಿಯಿಡಲು ಅದು ಸೊಗಸು. ಎರಡು ಸೆಕೆಂಡಿನ ಕೆಲಸಕ್ಕೆ, ಬಹಳ ಪಳಗಿದ ಕೈಯನ್ನು ಬಿಟ್ಟರೆ, ತಕ್ಕದ್ದಲ್ಲ.

ಅರೆಸ್ವಯಂಚಾಲಿತ ಪಿಸ್ತೂಲಿಗಿಂತ ರಿವಾಲ್ವರನ್ನು ಮೆಚ್ಚುವವರು ಕೊಡುವ ಕಾರಣಗಳಲ್ಲಿ ಮೂರು ಗಟ್ಟಿಯಾಗಿವೆ. ಒಂದು: ತೋಟಾ ಸಿಡಿಯದೆ ಹೋದರೆ ಮತ್ತೊಮ್ಮೆ ಟ್ರಿಗರ್ ಎಳೆದರಾಯಿತು, ಮುಂದಿನದು ಬಂದು ನಿಲ್ಲುತ್ತದೆ. ಎರಡು: ಪ್ರಾಣಿ ಮೈಮೇಲೆ ಬಿದ್ದು ನಳಿಗೆಯನ್ನು ಅದರ ಮೈಗೆ ಒತ್ತಿ ಹೊಡೆಯಬೇಕಾಗಿ ಬಂದಾಗ ಪಿಸ್ತೂಲಿನ ಸ್ಲೈಡ್ ಹಿಂದೆ ಸರಿದು ಸಿಡಿಯದೆ ಹೋಗಬಹುದು, ರಿವಾಲ್ವರಿಗೆ ಆ ತೊಂದರೆ ಇಲ್ಲ. ಮೂರು: ಪಿಸ್ತೂಲಿನ ಹಿಡಿಯೊಳಗೆ ಹಿಡಿಸದ ಉದ್ದನೆಯ, ಭಾರಿ ತೋಟಾಗಳು ಉರುಳೆಯಲ್ಲಿ ಸಲೀಸಾಗಿ ಕೂರುತ್ತವೆ.

ಎದುರುವಾದವೂ ಹಗುರವಲ್ಲ. ರಿವಾಲ್ವರಿನಲ್ಲಿ ಐದಾರೇ ಗುಂಡು, ಮತ್ತೆ ತುಂಬುವುದು ತಡ. ಗ್ರೀನ್‌ಲ್ಯಾಂಡಿನ ಹಿಮದಲ್ಲಿ ನಾಯಿಗಾಡಿ ಕಟ್ಟಿಕೊಂಡು ಗಸ್ತು ತಿರುಗುವ ಡೆನ್ಮಾರ್ಕಿನ ಸಿರಿಯಸ್ ಪಡೆ ಹಿಮಕರಡಿಗಾಗಿ ಆರಿಸಿಕೊಂಡಿರುವುದು 10 ಮಿಲಿಮೀಟರಿನ ಗ್ಲಾಕ್ 20 ಪಿಸ್ತೂಲನ್ನು. ಅದರಲ್ಲಿ 15 ಗುಂಡು ಹಿಡಿಯುತ್ತವೆ. ದಿನವೂ ಆಯುಧ ಹಿಡಿಯುವ ಸೈನಿಕನಿಗೆ ಅದು ಒಪ್ಪುತ್ತದೆ. ವರ್ಷಕ್ಕೆ ಕೆಲವೇ ಸಲ ಕಾಡಿಗೆ ಹೋಗುವವರಿಗೆ ಗುಂಡಿಗಳೂ ಚಿಲಕಗಳೂ ಕಡಿಮೆ ಇರುವ ರಿವಾಲ್ವರ್ ಸುಲಭ ಎಂಬುದರಲ್ಲಿ ಅರ್ಥವಿದೆ.

ಹಳೆಯದನ್ನು ಕೊಳ್ಳುವವರಿಗೆ ಒಂದು ಎಚ್ಚರಿಕೆ. ಹಳೆಯ ಮಾದರಿಯ ಸಿಂಗಲ್ ಆಕ್ಷನ್‌ಗಳಲ್ಲಿ ಹ್ಯಾಮರಿನ ಮೊನೆ ನೇರ ತೋಟಾದ ಮೇಲೇ ಕೂತಿರುತ್ತದೆ. ಕೈಜಾರಿ ಕಲ್ಲಿನ ಮೇಲೆ ಬಿದ್ದರೆ ಸಿಡಿಯಬಹುದು. ಅದಕ್ಕೇ ಆರು ಮನೆಯ ಉರುಳೆಗೆ ಐದೇ ತೋಟಾ ತುಂಬಿ, ಖಾಲಿ ಮನೆಯ ಮೇಲೆ ಹ್ಯಾಮರ್ ಇಳಿಸುವ ಪದ್ಧತಿ ಬಂತು. ರೂಗರ್ ಕಂಪನಿ 1973ರಲ್ಲಿ, ಟ್ರಿಗರ್ ಪೂರ್ತಿ ಎಳೆದಾಗ ಮಾತ್ರ ಹ್ಯಾಮರಿನ ಏಟು ತೋಟಾಕ್ಕೆ ತಲುಪುವಂತೆ ನಡುವೆ ಒಂದು ಪಟ್ಟಿ ಜೋಡಿಸಿದ ಮೇಲೆ ಅದರ ಸಿಂಗಲ್ ಆಕ್ಷನ್‌ಗಳಿಗೆ ಆ ಭಯ ತಪ್ಪಿತು. ಇನ್ನೊಂದು: ಉರುಳೆಗೂ ನಳಿಗೆಗೂ ನಡುವಿನ ಕೂದಲೆಳೆಯಷ್ಟು ಸಂದಿಯಿಂದ ಪ್ರತಿ ಈಡಿಗೂ ಬಿಸಿ ಅನಿಲ ಚಿಮ್ಮುತ್ತದೆ. ಪಿಸ್ತೂಲು ಹಿಡಿದು ರೂಢಿಯಾದವರು ಎಡಗೈ ಬೆರಳನ್ನು ಅಲ್ಲಿ ಚಾಚಿದರೆ ಬೆರಳಿಗೇ ಅಪಾಯ.

ಬಲದ ಮೆಟ್ಟಿಲು

ಇನ್ನು ತೋಟಾದ ಮಾತು. ಹೆಸರಿನಲ್ಲಿರುವ ಅಂಕಿ ಗುಂಡಿನ ಅಡ್ಡಳತೆಯನ್ನು, ಅಂಗುಲದ ಲೆಕ್ಕದಲ್ಲಿ, ಸುಮಾರಾಗಿ ಹೇಳುತ್ತದೆ. ಮೊದಲ ಮೆಟ್ಟಿಲು .357 ಮ್ಯಾಗ್ನಮ್. 1935ರಲ್ಲಿ ಬಂದ ಇದರ ಗುಂಡು ನಳಿಗೆಯಿಂದ ಹೊರಡುವಾಗ ಸುಮಾರು 700 ಜೌಲ್ ಶಕ್ತಿ ಹೊತ್ತಿರುತ್ತದೆ. ಎರಡನೆಯದು .44 ಮ್ಯಾಗ್ನಮ್. ಐಡಾಹೊದ ಬೇಟೆಗಾರ, ಲೇಖಕ ಎಲ್ಮರ್ ಕೀತ್ ವರ್ಷಗಟ್ಟಲೆ ಒತ್ತಾಯಿಸಿದ ಮೇಲೆ ಸ್ಮಿತ್ ಅಂಡ್ ವೆಸನ್ ಮತ್ತು ರೆಮಿಂಗ್ಟನ್ 1955ರ ಕೊನೆಯ ಹೊತ್ತಿಗೆ ಇದನ್ನು ಹೊರತಂದವು; ಶಕ್ತಿ 1,000ದಿಂದ 1,300 ಜೌಲ್. 1971ರಲ್ಲಿ ‘ಡರ್ಟಿ ಹ್ಯಾರಿ’ ಚಿತ್ರದಲ್ಲಿ ಕ್ಲಿಂಟ್ ಈಸ್ಟ್‌ವುಡ್ ಅದನ್ನು ಕೈಗೆತ್ತಿಕೊಂಡ ಮೇಲೆ ಲೋಕಪ್ರಸಿದ್ಧವಾಯಿತು. ಅದರಾಚೆ .454 ಕಸಲ್, ಸುಮಾರು 2,400 ಜೌಲ್. ತುತ್ತತುದಿಯಲ್ಲಿ 2003ರಲ್ಲಿ ಬಂದ .500 ಸ್ಮಿತ್ ಅಂಡ್ ವೆಸನ್, 3,500 ಜೌಲ್ ಆಸುಪಾಸು.

ಈ ಅಂಕಿಗಳ ಪಕ್ಕದಲ್ಲಿ ಇನ್ನೊಂದನ್ನು ಇಟ್ಟು ನೋಡಬೇಕು. ಅಮೆರಿಕದ ಬೇಟೆಗಾರರ ಕೈಯಲ್ಲಿ ಸರ್ವೇಸಾಮಾನ್ಯವಾಗಿರುವ .30-06 ರೈಫಲಿನ ಶಕ್ತಿ 3,800 ಜೌಲ್ ಹತ್ತಿರ. ಸಿನಿಮಾದಲ್ಲಿ ಮೆರೆದ .44 ಒಂದು ಸಾಧಾರಣ ರೈಫಲಿನ ಮೂರನೇ ಒಂದು ಪಾಲು. ರೈಫಲ್ ಕೈಯಲ್ಲಿದ್ದಾಗ ಅದನ್ನು ಬಿಟ್ಟು ರಿವಾಲ್ವರಿಗೆ ಕೈಹಾಕುವುದರಲ್ಲಿ ಅರ್ಥವಿಲ್ಲ. ರೈಫಲ್ ಕೈಗೆ ಸಿಗದ ಗಳಿಗೆಗಷ್ಟೇ ಅದು.

ಹಾಗಾದರೆ ನೇರವಾಗಿ ಕೊನೆಯ ಮೆಟ್ಟಿಲಿಗೇ ಹೋದರಾಗದೇ? ಒದೆತ ಬಿಡುವುದಿಲ್ಲ. ಗುಂಡು ಮುಂದಕ್ಕೆ ಹೋದಷ್ಟೇ ರಭಸದಲ್ಲಿ ಆಯುಧ ಹಿಂದಕ್ಕೆ ಒದೆಯುತ್ತದೆ. ಆಯುಧ ಭಾರವಿದ್ದಷ್ಟೂ ಒದೆತ ಕಡಿಮೆ. ಅದಕ್ಕಾಗಿ ಉದ್ದ ನಳಿಗೆಯ .500 ರಿವಾಲ್ವರನ್ನು ಎರಡು ಕಿಲೊ ತೂಕಕ್ಕೆ ಮಾಡಿದ್ದಾರೆ. ಅಷ್ಟನ್ನು ಎದೆಗೆ ಕಟ್ಟಿ ದಿನಕ್ಕೆ ಇಪ್ಪತ್ತು ಕಿಲೋಮೀಟರ್ ಬೆಟ್ಟ ಹತ್ತುವವರು ಅಪರೂಪ. ಮೂರನೇ ದಿನ ಅದು ಬೆನ್ನಚೀಲದ ತಳ ಸೇರುತ್ತದೆ. ಮೇಲೆ ಹೇಳಿದ ಮೊದಲ ಷರತ್ತು ಅಲ್ಲೇ ಮುರಿಯಿತು.

ಇನ್ನೊಂದು ತುದಿಯಲ್ಲಿ ಸ್ಮಿತ್ ಅಂಡ್ ವೆಸನ್ 329ಪಿಡಿ ಇದೆ. ಸ್ಕ್ಯಾಂಡಿಯಂ ಬೆರೆತ ಅಲ್ಯೂಮಿನಿಯಂ ಚೌಕಟ್ಟು, ಟೈಟಾನಿಯಂ ಉರುಳೆ; .44 ಮ್ಯಾಗ್ನಮ್ ಆಗಿದ್ದೂ ತೂಕ 700 ಗ್ರಾಂ ಚಿಲ್ಲರೆ. ಹೊರಲು ಹಾಯೆನಿಸುತ್ತದೆ, ಹೊಡೆದಾಗ ಅಂಗೈ ಬಿರಿದಂತಾಗುತ್ತದೆ. ಈ ಹಗುರ ರಿವಾಲ್ವರುಗಳಲ್ಲಿ ಹೊರಗೆ ಕಾಣದ ಒಂದು ಕೇಡೂ ಇದೆ. ಆಯುಧ ಥಟ್ಟನೆ ಹಿಂದಕ್ಕೆ ಜಗ್ಗಿದಾಗ ಉರುಳೆಯಲ್ಲಿ ಉಳಿದ ತೋಟಾಗಳ ಹಿತ್ತಾಳೆ ಕೋಶವೂ ಅದರ ಜೊತೆ ಹಿಂದಕ್ಕೆ ಹೋಗುತ್ತದೆ. ಬಾಯಲ್ಲಿ ಕಚ್ಚಿಸಿರುವ ಗುಂಡು ಮಾತ್ರ ಇದ್ದಲ್ಲೇ ಉಳಿಯಲು ನೋಡುತ್ತದೆ. ಹಿಡಿತ ಸಡಿಲವಿದ್ದರೆ ಎರಡು ಮೂರು ಈಡಿನ ನಂತರ ಗುಂಡಿನ ಮೂತಿ ಉರುಳೆಯಿಂದ ಹೊರಚಾಚಿ ಚೌಕಟ್ಟಿಗೆ ತಾಗುತ್ತದೆ. ಅಲ್ಲಿಗೆ ಉರುಳೆ ಜಾಮ್. ‘ರಿವಾಲ್ವರ್ ಎಂದೂ ಕೈಕೊಡುವುದಿಲ್ಲ’ ಎಂಬ ಮಾತಿಗೆ ಇದೇ ಉತ್ತರ. ಕೊಂಡ ತೋಟಾ ಕೊಂಡ ರಿವಾಲ್ವರಿನಲ್ಲಿ ನಡೆಯುತ್ತದೆಯೇ ಎಂದು ಐದು ಹೊಡೆದು, ಆರನೆಯದನ್ನು ಹೊರತೆಗೆದು ಅಳೆದು ನೋಡುವುದನ್ನು ಬಲ್ಲವರು ತಪ್ಪಿಸುವುದಿಲ್ಲ.

ಇವೆರಡರ ನಡುವೆ ಬರುವುದು 4 ಅಂಗುಲ ನಳಿಗೆಯ, ಒಂದೂಕಾಲು ಕಿಲೊ ಆಸುಪಾಸಿನ ಸ್ಟೇನ್‌ಲೆಸ್ ಸ್ಟೀಲಿನ ಡಬಲ್ ಆಕ್ಷನ್. ಹೆಚ್ಚಿನವರಿಗೆ ಇದೇ ಸರಿ ಎಂಬುದು ನನ್ನ ಅಭಿಪ್ರಾಯ. ನಳಿಗೆ ಇದಕ್ಕಿಂತ ಗಿಡ್ಡವಾದರೆ ಗುಂಡಿನ ವೇಗ ಇಳಿಯುತ್ತದೆ, ಸದ್ದೂ ಬೆಂಕಿಯೂ ಏರುತ್ತವೆ. ಉದ್ದವಾದರೆ ಎಳೆಯುವುದು ತಡವಾಗುತ್ತದೆ. ಗ್ರಿಜ್ಲಿಯೇ ಇಲ್ಲದ, ಕಪ್ಪು ಕರಡಿ ಮಾತ್ರ ಇರುವ ಅಪಲೇಷಿಯನ್ ಬೆಟ್ಟಗಳಂಥ ಕಡೆ .357 ಸಾಕು. ಗ್ರಿಜ್ಲಿ ನಾಡಿಗೆ .44. ಅದರ ಮೇಲಿನವು ಪಳಗಿದ ಕೈಗಳಿಗೆ.

ಈ ಎರಡರಲ್ಲೂ ಹೊಸಬರಿಗೆ ಒಂದು ಅನುಕೂಲವಿದೆ. .357 ರಿವಾಲ್ವರಿನಲ್ಲಿ ಮೆತ್ತನೆಯ .38 ಸ್ಪೆಷಲ್ ತೋಟಾವನ್ನೂ, .44 ಮ್ಯಾಗ್ನಮ್‌ನಲ್ಲಿ .44 ಸ್ಪೆಷಲ್ ತೋಟಾವನ್ನೂ ಹಾಕಿ ಹೊಡೆಯಬಹುದು. ಅದೇ ಆಯುಧ, ಅದೇ ಟ್ರಿಗರ್, ಅರ್ಧದಷ್ಟು ಒದೆತ. ನೂರಾರು ಈಡು ಇವುಗಳಲ್ಲಿ ಪಳಗಿ, ಕಣ್ಣು ಮುಚ್ಚದೆ ಹೊಡೆಯಲು ಬಂದ ಮೇಲೆ ಭಾರಿ ತೋಟಾಕ್ಕೆ ಹೋಗಬೇಕು. ನೇರ ಮ್ಯಾಗ್ನಮ್‌ನಿಂದ ಶುರುಮಾಡಿದವರು ಟ್ರಿಗರ್ ಎಳೆಯುವ ಮೊದಲೇ ಬೆಚ್ಚಿ ಕೈ ಕೆಳಗಿಳಿಸುವ ಚಾಳಿ ಕಲಿಯುತ್ತಾರೆ. ಆ ಚಾಳಿ ಬಿಡಿಸುವುದು ಕಷ್ಟ.

ಗುಂಡಿನ ಆಕಾರವೂ ಲೆಕ್ಕಕ್ಕೆ ಬರುತ್ತದೆ. ತುದಿಯಲ್ಲಿ ಟೊಳ್ಳಿರುವ ಗುಂಡು ಮೈ ಹೊಕ್ಕೊಡನೆ ಅರಳಿ ಅಲ್ಲೇ ನಿಲ್ಲುವಂತೆ ಮಾಡಿದ್ದು. ಪೊಲೀಸರ ಬಳಕೆಗೆ ಅದು ಸರಿ. ಕರಡಿಯ ಕೊಬ್ಬು, ದಪ್ಪ ಸ್ನಾಯು, ಭುಜದ ಮೂಳೆ ದಾಟಿ ಒಳಗಿನ ಮರ್ಮಕ್ಕೆ ಮುಟ್ಟಲು ಗಟ್ಟಿ ಸೀಸದ, ಚಪ್ಪಟೆ ಮೂತಿಯ, ಭಾರದ ಗುಂಡು ಬೇಕು.

ಎಲ್ಲಿ ಕಟ್ಟಿಕೊಳ್ಳುವುದು?

ಬೆನ್ನಚೀಲ ಹೊತ್ತವರಿಗೆ ಸೊಂಟದ ಜಾಗ ಖಾಲಿ ಇರುವುದಿಲ್ಲ. ಚೀಲದ ಅಗಲ ಪಟ್ಟಿ ಅಲ್ಲೇ ಬಿಗಿದಿರುತ್ತದೆ. ಅದಕ್ಕಾಗಿ ಎದೆಯ ಮೇಲೆ ಓರೆಯಾಗಿ ಕೂರುವ ಹೋಲ್‌ಸ್ಟರ್ ಬಳಕೆಗೆ ಬಂತು. ಕೂತರೂ, ಬಾಗಿ ಮಾಂಸ ಬಿಡಿಸುತ್ತಿದ್ದರೂ, ಸೊಂಟದವರೆಗೆ ಹೊಳೆಯಲ್ಲಿ ನಿಂತರೂ ಹಿಡಿ ಕೈಗೆ ಸಿಗುತ್ತದೆ. ಹೋಲ್‌ಸ್ಟರ್ ಟ್ರಿಗರನ್ನು ಪೂರ್ತಿ ಮುಚ್ಚಿರಬೇಕು, ಉರುಳಿ ಬಿದ್ದರೂ ಆಯುಧ ಜಾರಬಾರದು. ಮಳೆಯಲ್ಲಿ ನೆನೆದ ದಿನ ಸಂಜೆ ಒರೆಸಿ ಎಣ್ಣೆ ಹಚ್ಚುವುದು ಸ್ಟೇನ್‌ಲೆಸ್ಸಿಗೂ ತಪ್ಪಿದ್ದಲ್ಲ.

ಕಿವಿಯ ಮಾತನ್ನೂ ಮರೆಯಬಾರದು. ಮ್ಯಾಗ್ನಮ್ ತೋಟಾದ ಸದ್ದು ಸುಮಾರು 160 ಡೆಸಿಬೆಲ್; 140 ದಾಟಿದ ಒಂದೇ ಸಿಡಿತ ಶ್ರವಣಕ್ಕೆ ಶಾಶ್ವತ ಹಾನಿ ಮಾಡಬಲ್ಲದು. ಅಭ್ಯಾಸ ಮಾಡುವಾಗ ಕಿವಿಗೆ ರಕ್ಷಣೆ ಕಡ್ಡಾಯ.

ಡಬ್ಬಿಯ ಎದುರು ರಿವಾಲ್ವರ್

ಇಷ್ಟೆಲ್ಲ ಆದ ಮೇಲೆ ಮೂಲ ಪ್ರಶ್ನೆಗೆ ಬರಬೇಕು: ರಿವಾಲ್ವರ್ ಬೇಕೇ? ಇದಕ್ಕೆ ಎದುರಾಳಿಯಾಗಿ ನಿಂತಿರುವುದು ಮೆಣಸಿನಕಾಯಿಯ ಖಾರದ ಸತ್ವ ತುಂಬಿದ ಬೇರ್ ಸ್ಪ್ರೇ ಡಬ್ಬಿ. ಏಳೆಂಟು ಮೀಟರ್ ದೂರಕ್ಕೆ ಕೆಂಪು ಮೋಡದಂತೆ ಹರಡುತ್ತದೆ. ಕರಡಿಯ ಕಣ್ಣು, ಮೂಗು, ಶ್ವಾಸನಾಳ ಉರಿದು ಅದು ತಿರುಗಿ ಓಡುತ್ತದೆ.

ಕರಡಿ ತಜ್ಞರಾದ ಟಾಮ್ ಸ್ಮಿತ್, ಸ್ಟೀಫನ್ ಹೆರೆರೊ ಮತ್ತು ಸಂಗಡಿಗರು 2008ರಲ್ಲಿ ಅಲಾಸ್ಕಾದ 83 ಸ್ಪ್ರೇ ಪ್ರಸಂಗಗಳನ್ನು ಒಟ್ಟುಮಾಡಿ ನೋಡಿದರು. ಗ್ರಿಜ್ಲಿಯೂ ಸೇರಿದ ಕಂದು ಕರಡಿಗಳ ವಿಷಯದಲ್ಲಿ ನೂರಕ್ಕೆ 92, ಕಪ್ಪು ಕರಡಿಗಳಲ್ಲಿ 90 ಪ್ರಸಂಗಗಳಲ್ಲಿ ಸ್ಪ್ರೇ ಅವುಗಳನ್ನು ತಡೆದಿತ್ತು. ಹತ್ತಿರದ ಮುಖಾಮುಖಿಯಲ್ಲಿ ಸ್ಪ್ರೇ ಹಿಡಿದವರಲ್ಲಿ ನೂರಕ್ಕೆ 98 ಮಂದಿಗೆ ಗಾಯವೇ ಆಗಿರಲಿಲ್ಲ. 2012ರಲ್ಲಿ ಸ್ಮಿತ್, ಹೆರೆರೊ ಮತ್ತಿತರರು 1883ರಿಂದ 2009ರವರೆಗಿನ, ಬಂದೂಕು ಒಳಗೊಂಡ 269 ಪ್ರಸಂಗಗಳನ್ನು ಪರಿಶೀಲಿಸಿದರು. ಕೈಬಂದೂಕುಗಳು ನೂರಕ್ಕೆ 84, ಉದ್ದ ಬಂದೂಕುಗಳು 76 ಸಲ ಕರಡಿಯನ್ನು ತಡೆದಿದ್ದವು. ಈ ಎರಡರ ಅಂತರ ಸಂಖ್ಯಾಶಾಸ್ತ್ರದ ಪ್ರಕಾರ ಮಹತ್ವದ್ದಲ್ಲ. ಬಂದೂಕು ಇದ್ದವರು ಅದನ್ನು ಬಳಸಿದರೂ ಬಳಸದಿದ್ದರೂ ಗಾಯಗೊಂಡ ಪ್ರಮಾಣ ಒಂದೇ ಆಗಿತ್ತು ಎಂಬುದು ಆ ಅಧ್ಯಯನದ ಮುಖ್ಯ ಮಾತು.

ಎರಡು ಅಧ್ಯಯನಗಳ ಅಂಕಿಗಳನ್ನು ಅಕ್ಕಪಕ್ಕ ಇಟ್ಟು ‘ಸ್ಪ್ರೇ ಗೆದ್ದಿತು’ ಎಂದು ಘೋಷಿಸುವುದು ಆತುರ. ಸ್ಪ್ರೇ ಪ್ರಸಂಗಗಳಲ್ಲಿ ಕುತೂಹಲಕ್ಕೆ ಬಳಿ ಬಂದ ಕರಡಿಗಳೂ ಸೇರಿವೆ. ಬಂದೂಕಿನಿಂದ ಸುಗಮವಾಗಿ ಮುಗಿದ ಎಷ್ಟೋ ಪ್ರಸಂಗಗಳು ಸುದ್ದಿಯಾಗದೆ ದಾಖಲೆಯ ಹೊರಗೇ ಉಳಿದಿರಬಹುದು. ಎದುರುಗಾಳಿ ಬೀಸಿದರೆ ಸ್ಪ್ರೇ ಹೊಡೆದವನ ಮುಖಕ್ಕೇ ಬರುತ್ತದೆ, ಕಡುಚಳಿಯಲ್ಲಿ ಅದರ ಒತ್ತಡ ಇಳಿಯುತ್ತದೆ. ಆದರೂ ಎರಡು ಸೆಕೆಂಡಿನ ಲೆಕ್ಕಕ್ಕೆ ಮರಳಿದರೆ ಡಬ್ಬಿಯ ಮೇಲುಗೈ ಏಕೆಂದು ತಿಳಿಯುತ್ತದೆ. ಗುಂಡು ಹೋಗುವುದು ಬೆರಳಗಲದ ದಾರಿಯಲ್ಲಿ. ಸ್ಪ್ರೇ ಹರಡುವುದು ಬಾಗಿಲಗಲಕ್ಕೆ. ನಡುಗುವ ಕೈಗೆ ಎರಡನೆಯದೇ ಸುಲಭ. ತಪ್ಪಿ ಹೊಡೆದರೂ ಜೊತೆಗಾರ ಕೆಮ್ಮುತ್ತಾನೆ, ಅಷ್ಟೇ. ಗುಂಡಾದರೆ ಅವನು ಉಳಿಯಲಿಕ್ಕಿಲ್ಲ. ಒಂದೇ ಎಚ್ಚರ: ಸೊಳ್ಳೆ ಔಷಧಿಯಂತೆ ಡೇರೆಗೂ ಬಟ್ಟೆಗೂ ಅದನ್ನು ಮುಂಚಿತವಾಗಿ ಸಿಂಪಡಿಸಬಾರದು. ಒಣಗಿದ ಮೇಲೆ ಉಳಿಯುವ ವಾಸನೆ ಕರಡಿಯನ್ನು ಕರೆಯುತ್ತದೆ.

ಕಾನೂನಿನ ಗಡಿಗಳು

2010ರ ಫೆಬ್ರವರಿ 22ರಿಂದ ಅಮೆರಿಕದ ರಾಷ್ಟ್ರೀಯ ಉದ್ಯಾನಗಳಲ್ಲಿ, ಆಯಾ ರಾಜ್ಯದ ಕಾನೂನಿಗೆ ಒಳಪಟ್ಟು, ಬಂದೂಕು ಒಯ್ಯಬಹುದು. ಒಯ್ಯಲು ಅನುಮತಿ, ಹೊಡೆಯಲು ಅಲ್ಲ: ಅಲ್ಲಿ ಬೇಟೆಯೂ ಗುಂಡು ಹಾರಿಸುವುದೂ ಸಾಮಾನ್ಯವಾಗಿ ನಿಷಿದ್ಧ, ಸಂದರ್ಶಕರ ಕೇಂದ್ರದಂಥ ಸರ್ಕಾರಿ ಕಟ್ಟಡದೊಳಗೆ ಬಂದೂಕು ತರುವಂತಿಲ್ಲ. ಅಲಾಸ್ಕಾ ಬಿಟ್ಟು ಉಳಿದ ಅಮೆರಿಕದ ಭೂಭಾಗದಲ್ಲಿ ಗ್ರಿಜ್ಲಿ 1975ರಿಂದ ಸಂರಕ್ಷಿತ. ಪ್ರಾಣ ಉಳಿಸಿಕೊಳ್ಳಲು ಕೊಂದರೆ ಅಪರಾಧವಲ್ಲ, ಆದರೆ 5 ದಿನದೊಳಗೆ ವರದಿ ಮಾಡಬೇಕು. ಅಲಾಸ್ಕಾದಲ್ಲಿ ಹೀಗೆ ಕೊಂದವರು ಉಗುರುಸಹಿತ ಚರ್ಮವನ್ನೂ ತಲೆಬುರುಡೆಯನ್ನೂ ಬಿಡಿಸಿ ಸರ್ಕಾರಕ್ಕೆ ಒಪ್ಪಿಸಬೇಕು.

ಅಲ್ಲಿರುವ ಕನ್ನಡಿಗರು ಮೊದಲು ಗಮನಿಸಬೇಕಾದ್ದು ಬೇರೆಯೇ ಇದೆ. ಎಚ್-1ಬಿ, ಎಫ್-1ರಂಥ ವಲಸೆಯೇತರ ವೀಸಾದವರು ಬಂದೂಕನ್ನಾಗಲಿ ತೋಟಾವನ್ನಾಗಲಿ ಇಟ್ಟುಕೊಳ್ಳುವುದನ್ನು ಅಮೆರಿಕದ ಒಕ್ಕೂಟ ಕಾನೂನು ನಿಷೇಧಿಸುತ್ತದೆ. ಅಲ್ಲಿನ ರಾಜ್ಯವೊಂದರ ಊರ್ಜಿತ ಬೇಟೆ ಪರವಾನಗಿ ಇದ್ದವರಿಗೆ ವಿನಾಯಿತಿ ಇದೆ. ಗ್ರೀನ್ ಕಾರ್ಡ್ ಇದ್ದವರಿಗೆ ಈ ನಿಷೇಧ ಅನ್ವಯಿಸದು. ಗ್ಲೇಸಿಯರ್ ಉದ್ಯಾನದ ಉತ್ತರಕ್ಕೇ ಕೆನಡಾ. ಅಲ್ಲಿ ಚಾರಣಿಗರು ರಿವಾಲ್ವರ್ ಕಟ್ಟಿಕೊಂಡು ತಿರುಗುವಂತಿಲ್ಲ, ಸ್ಪ್ರೇಗೆ ಅಡ್ಡಿಯಿಲ್ಲ. ಆ ಸ್ಪ್ರೇಯನ್ನು ವಿಮಾನದಲ್ಲಿ ಒಯ್ಯಲಾಗದು, ಇಳಿದ ಊರಿನಲ್ಲೇ ಕೊಳ್ಳಬೇಕು. ಕ್ಯಾಲಿಫೋರ್ನಿಯಾದ ಯೊಸೆಮಿಟಿಯಲ್ಲಿ ಸ್ಪ್ರೇಯೂ ನಿಷಿದ್ಧ. ಅಲ್ಲಿರುವುದು ಕಪ್ಪು ಕರಡಿ ಮಾತ್ರ, ಅದರ ಕಣ್ಣು ಜನರ ತಿಂಡಿಯ ಮೇಲೆ.

ಇದೆಲ್ಲವನ್ನೂ ನಮ್ಮ ಕಾಡಿಗೆ ಹೊಂದಿಸಿ ನೋಡಲು ಬರುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಇಲ್ಲಿ ಶಿಕಾರಿ ಅಪರಾಧ; ಅಭಯಾರಣ್ಯದೊಳಗೆ ಲಿಖಿತ ಅನುಮತಿಯಿಲ್ಲದೆ ಆಯುಧ ಒಯ್ಯುವುದೂ ಅಪರಾಧ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿಯ ಲೈಸೆನ್ಸಿನಿಂದ 2029ರವರೆಗೆ ವಿನಾಯಿತಿ ಇದೆ, ಬೇಟೆಯ ನಿಷೇಧದಿಂದ ಇಲ್ಲ. ಮಲೆನಾಡಿನಲ್ಲಿ ಬೆಳೆ ಕಾಯಲು ಲೈಸೆನ್ಸ್ ಪಡೆದ ಕೋವಿ ಚುನಾವಣೆ ಬಂದಾಗಲೆಲ್ಲ ಠಾಣೆ ಸೇರುತ್ತದೆ. ನಮ್ಮಲ್ಲಿ ಲೈಸೆನ್ಸಿಗೆ ಸಾಮಾನ್ಯವಾಗಿ ಸಿಗುವ .32 ರಿವಾಲ್ವರಿನ ಶಕ್ತಿ ಸುಮಾರು 170 ಜೌಲ್, .357ರ ಕಾಲು ಭಾಗ. ದರೋಜಿಯ ಬಂಡೆಗಳ ನಡುವಿನ ನಮ್ಮ ಕರಡಿ ಗ್ರಿಜ್ಲಿಗಿಂತ ಬಹಳ ಚಿಕ್ಕದು ನಿಜ. ಆದರೆ ಬೆಚ್ಚಿದರೆ ನೇರ ಮುಖಕ್ಕೇ ಎರಗುತ್ತದೆ. ಅದರ ಮುಂದೆ .32ನ್ನು ನಂಬುವುದಕ್ಕಿಂತ ಬೆಳಕು ಹರಿದ ಮೇಲೆ, ನಾಲ್ಕು ಜನ ಮಾತಾಡಿಕೊಂಡು ಓಡಾಡುವುದು ಹೆಚ್ಚಿನ ರಕ್ಷಣೆ. ಪ್ರಾಣರಕ್ಷಣೆಗೆ ಸದ್ಭಾವನೆಯಿಂದ ಕೊಂದರೆ ನಮ್ಮ ಕಾಯ್ದೆಯೂ ಅಪರಾಧವೆನ್ನುವುದಿಲ್ಲ. ಸತ್ತ ಪ್ರಾಣಿ ಮಾತ್ರ, ಅಲಾಸ್ಕಾದಲ್ಲಿನಂತೆ, ಸರ್ಕಾರದ ಸ್ವತ್ತು.

ಹಾಗಾದರೆ ಯಾರು ಏನು ಮಾಡಬೇಕು? ಅಮೆರಿಕದ ಕರಡಿ ನಾಡಿಗೆ ಹೊರಟ ಚಾರಣಿಗರು ಮೂರು ಜನಕ್ಕೆ ಕಡಿಮೆಯಿಲ್ಲದ ಗುಂಪು ಕಟ್ಟಬೇಕು, ತಿರುವುಗಳಲ್ಲಿ ಕೂಗಿ ಸದ್ದು ಮಾಡಬೇಕು, ಊಟದ ಸಾಮಾನನ್ನು ಡೇರೆಯಿಂದ ದೂರ ಕರಡಿಗೆ ಸಿಗದಂತೆ ಇಡಬೇಕು, ಸ್ಪ್ರೇ ಡಬ್ಬಿಯನ್ನು ಚೀಲದ ಎದೆಪಟ್ಟಿಗೆ ಸಿಕ್ಕಿಸಬೇಕು. ಹೆಚ್ಚಿನವರಿಗೆ ಅಲ್ಲಿಗೆ ಮುಗಿಯಿತು. ಮಾಂಸ ಬಿಡಿಸುತ್ತ ಕೂರಬೇಕಾದ ಬೇಟೆಗಾರರಿಗೆ, ಗಾಳಿ ಬಿಡದೆ ಬೀಸುವ ಅಲಾಸ್ಕಾದ ಬಯಲಿನಲ್ಲಿ ವಾರಗಟ್ಟಲೆ ಇರುವವರಿಗೆ ಸ್ಪ್ರೇ ಜೊತೆಗೆ ರಿವಾಲ್ವರಿಗೂ ಜಾಗವಿದೆ. ಅಂಥವರು ಸಾವಿರ ಡಾಲರ್ ಆಸುಪಾಸಿನ ಆಯುಧಕ್ಕೆ ದುಡ್ಡು ಎತ್ತಿಡುವಾಗಲೇ ತೋಟಾಕ್ಕೂ ರೇಂಜಿನ ಬಾಡಿಗೆಗೂ ಅಷ್ಟೇ ಎತ್ತಿಡಲಿ. ಹೋಲ್‌ಸ್ಟರಿನಿಂದ ಎಳೆದು ಹತ್ತು ಹೆಜ್ಜೆ ದೂರದ ಊಟದ ತಟ್ಟೆಯಷ್ಟು ಗುರಿಗೆ ಎರಡು ಸೆಕೆಂಡಿನೊಳಗೆ ಮೊದಲ ಗುಂಡು ಬೀಳುವವರೆಗೆ ಅಭ್ಯಾಸ ಮಾಡಲಿ. ಅಷ್ಟು ಪುರುಸೊತ್ತಿಲ್ಲದವರು ಆಯುಧವನ್ನು ಅಂಗಡಿಯಲ್ಲೇ ಬಿಟ್ಟು ಡಬ್ಬಿ ಕೊಂಡು ಹೊರಟರೆ ಅದನ್ನು ಪುಕ್ಕಲುತನ ಎನ್ನಲಾಗದು. ಲೆಕ್ಕ ಹಾಕಿ ನೋಡಿದವರು ಬರುವ ತೀರ್ಮಾನವೇ ಅದು.